ಬಣ್ಣ ಹಿಡಿದ ಪಾದ

ಮಾರ್ಚ್ ೩, ಸೋಮವಾರ

ಅಂಗಡಿಯವನು ಇವತ್ತು ಮತ್ತೆ ಬಟ್ಟೆ ವಾಪಸ್ ಕಳಿಸಿದ. ಬಣ್ಣ ಬಿಡುತ್ತಿದೆಯಂತೆ. ನಮ್ಮ ಹಳದಿ ಬಟ್ಟೆಯಲ್ಲಿ ಅಂಗಿ ಹೊಲಿಸಿಕೊಂಡ ಒಬ್ಬಾಕೆ, ಬೆವರಿದಲ್ಲೆಲ್ಲ ಮೈ ಹಳದಿಯಾಗಿ, ಕಾಮಾಲೆ ಬಂತೆಂದು ಡಾಕ್ಟರ ಹತ್ತಿರ ಓಡಿದಳಂತೆ. ಅದನ್ನು ಹೇಳುವಾಗ ಅವನಿಗೆ ನಗು. ನನಗೆ ಮೈಯೆಲ್ಲ ಉರಿಯಿತು.

ತಪ್ಪು ನನ್ನ ಹಂಡೆಯದಲ್ಲ. ದಾಳಿಂಬೆ ಸಿಪ್ಪೆ ನೆನೆಸುವುದು, ಕುದಿಸುವುದು, ಬಣ್ಣ ಕಚ್ಚಲೆಂದು ಪಟಿಕದ ನೀರಿನಲ್ಲಿ ಬಟ್ಟೆ ಹದ ಮಾಡಿ ಹಂಡೆಗೆ ಇಳಿಸುವುದು, ಎಲ್ಲ ನನ್ನ ಕೈಯಲ್ಲೇ ಆಗುತ್ತದೆ. ಅದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಂಡೆಯಿಂದ ತೆಗೆದ ಮೇಲೆ ಬಟ್ಟೆಯನ್ನು ತೊಟ್ಟಿಯ ನೀರಿನಲ್ಲಿ ತುಳಿದು ತುಳಿದು, ಅಂಟದೆ ಉಳಿದ ಬಣ್ಣವನ್ನು ಬಿಡಿಸಬೇಕು. ಅದು ನಮ್ಮ ಮನೆಯ ಮಹಾಶಯರ ಪಾಲಿನ ಕೆಲಸ. ಮದುವೆಯಾದಾಗಿನಿಂದ ಹೆಂಡತಿಯ ಕೈ, ಗಂಡನ ಕಾಲು ಎಂದು ಹಂಚಿಕೊಂಡೇ ಬದುಕಿದ್ದೇವೆ. ಬಿಡಿ ಬಣ್ಣ ಇರುವವರೆಗೆ ಬಟ್ಟೆ ಕಾಲಡಿಯಲ್ಲಿ ಜಾರುತ್ತದೆಯಂತೆ, ಹೋದ ಮೇಲೆ ಹಿಡಿಯುತ್ತದೆಯಂತೆ. "ಹಿಡೀತು ಕಣೇ" ಎಂದು ತೊಟ್ಟಿಯಿಂದ ಕೂಗಿದರೆ ಮುಗಿಯಿತು, ಆ ಬಟ್ಟೆ ಹರಿದು ಚಿಂದಿಯಾದರೂ ಬಣ್ಣ ಬಿಡುತ್ತಿರಲಿಲ್ಲ.

ಈಗ ಕೆಲವು ತಿಂಗಳಿಂದ ಎಲ್ಲ ತಪ್ಪು. ಯಾಕೆ ಸರಿಯಾಗಿ ತುಳಿಯಲಿಲ್ಲ ಎಂದು ಕೇಳಿದೆ. "ಹಿಡೀತು ಅಂತ ಅನ್ನಿಸ್ತು" ಎಂದರು.

"ಅನ್ನಿಸೋಕೆ ಇದೇನು ಕನಸೇನ್ರೀ?" ಎಂದೆ.

ಎದ್ದು ಹೊರಗೆ ಹೋದರು. ಮಗಳು ಮದುವೆಯಾಗಿ ಹೋದ ಮೇಲೆ ಈ ಮನೆಯಲ್ಲಿ ಕೆಲಸದ ಮಾತು ಬಿಟ್ಟರೆ ಬೇರೆ ಮಾತೇ ಇಲ್ಲ. ಇನ್ನು ಅದೂ ಇಲ್ಲವೆಂದು ಕಾಣುತ್ತದೆ. ಶುದ್ಧ ಸೋಮಾರಿತನ, ಇನ್ನೇನಲ್ಲ.

ಮಾರ್ಚ್ ೬, ಗುರುವಾರ

ಎಷ್ಟು ದಿನದ ಮೇಲೆ ನನಗೊಂದು ಒಳ್ಳೆಯ ದಿನ!

ಲ್ಯಾಬ್ ಮೇಡಂ ಬಂದಿದ್ದಳು. ಕಾಲೇಜಿನಲ್ಲಿ ಬಟ್ಟೆಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ, ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಕಳೆದ ತಿಂಗಳು ನಮ್ಮ ಬಣ್ಣದ ಶೆಡ್ಡಿನಿಂದ ಬಟ್ಟೆಯ ತುಂಡುಗಳನ್ನು ತೆಗೆದುಕೊಂಡು ಹೋಗಿದ್ದಳು. ಇವತ್ತು ಅವುಗಳ ಫೋಟೋ ತೋರಿಸಿದಳು. ಮುಚ್ಚಳದ ಗಾಜಿನ ತಟ್ಟೆ, ಅದರೊಳಗೆ ಬೂಸ್ಟು ಹಿಡಿದಂತೆ ಬೆಳೆಸಿದ ಕ್ರಿಮಿಗಳು. ಬಣ್ಣ ಹಾಕದ ತುಂಡನ್ನು ಅವು ಅಂಚಿನವರೆಗೂ ಮುತ್ತಿಕೊಂಡಿದ್ದವು. ನನ್ನ ಹಳದಿ ತುಂಡಿನ ಸುತ್ತ ಮಾತ್ರ ಗುಂಡಗೆ ಜಾಗ ಖಾಲಿ ಬಿದ್ದಿತ್ತು. ಒಂದೇ ಒಂದು ಚುಕ್ಕೆಯೂ ಇಲ್ಲ.

"ಹತ್ರ ಬರೋಕೂ ಧೈರ್ಯ ಇಲ್ಲ ನೋಡಿ ಇವಕ್ಕೆ" ಎಂದೆ.

"ನಿಮ್ಮ ಹತ್ರ ಬರೋಕೆ ನಮಗೇ ಇಲ್ಲ ಅತ್ತಿಗೆ" ಎಂದಳು ನಾದಿನಿ. ಮಹಾಶಯರ ತಂಗಿ ಇವಳು. ಶೆಡ್ಡಿನಲ್ಲಿ ನನಗೆ ಬಲಗೈ, ಕೈಗಿಂತ ಬಾಯಿ ಜೋರು.

ಸಿಪ್ಪೆಯ ಒಗರೇ ಕ್ರಿಮಿಗಳನ್ನು ತಡೆಯುತ್ತದೆಯಂತೆ. ಇಷ್ಟು ವರ್ಷ ಆ ಒಗರು ನನ್ನ ಉಗುರಿನ ಸಂದಿಯಲ್ಲೆಲ್ಲ ಕೂತಿದೆ, ಅದು ಇಂಥ ಶೂರ ಎಂದು ಗೊತ್ತಿರಲಿಲ್ಲ. ಇನ್ನೂ ಪರೀಕ್ಷೆಗಳಿವೆ, ಒಗೆದ ಮೇಲೆ ಎಷ್ಟು ಉಳಿಯುತ್ತದೆ ನೋಡಬೇಕು, ಎಲ್ಲ ಸರಿಹೋದರೆ ಆಸ್ಪತ್ರೆಯ ಹೊದಿಕೆ, ಪರದೆಗಳಿಗೆ ಬಳಸಬಹುದು ಎಂದಳು. "ಈಗ್ಲೇ ಯಾರಿಗೂ ಹೇಳ್ಬೇಡಿ ಅಮ್ಮಾ" ಎಂದಳು. ಸಂಜೆಯೊಳಗೆ ಬೀದಿಗೆಲ್ಲ ಹೇಳಿ ಮುಗಿಸಿದೆ.

ಮಹಾಶಯರಿಗೂ ಹೇಳಿದೆ. "ಒಳ್ಳೇದಾಯ್ತು" ಎಂದು ಪೇಪರಿನ ಪುಟ ತಿರುವಿದರು. ಗೋಡೆಗೆ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು.

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ನಾದಿನಿ ಶೆಡ್ಡಿನ ಬಾಗಿಲಲ್ಲಿ ನಿಂತು, "ಅತ್ತಿಗೇ, ಕೆಂಪು ಬಣ್ಣ ಯಾರು ಚೆಲ್ಲಿದ್ದು? ನೆಲವೆಲ್ಲ ಹೆಜ್ಜೆ!" ಎಂದು ಕೂಗಿದಳು. ನಾನೂ ಒಳಗಿನಿಂದಲೇ ರೇಗಿದೆ, "ನೋಡ್ಕೊಂಡು ನಡೆಯೋಕೆ ಏನು ಧಾಡಿ ನಿಮಗೆಲ್ಲ" ಎಂದು. ಆಮೇಲೆ ನೆನಪಾಯಿತು, ಈ ವಾರ ನಾವು ಕೆಂಪು ಕುದಿಸಿಯೇ ಇಲ್ಲ.

ಹೆಜ್ಜೆಗಳು ತೊಟ್ಟಿಯಿಂದ ಒಣಹಾಕುವ ತಂತಿಯವರೆಗೆ ಹೋಗಿದ್ದವು. ತಂತಿಯ ಕೆಳಗೆ ಇವರು ಆರಾಮವಾಗಿ ಬಟ್ಟೆ ಹರಡುತ್ತಿದ್ದರು. ಬಲಗಾಲಿನ ಅಡಿಯಲ್ಲಿ, ಬೆರಳುಗಳ ಬುಡಕ್ಕೆ, ಬಾಯಿ ತೆರೆದ ಗಾಯ. ತೊಟ್ಟಿಯ ತಳದ ಹೆಂಚಿನ ಬಿಲ್ಲೆಯೊಂದು ಒಡೆದು ಅಂಚು ಮೇಲೆದ್ದಿತ್ತು. ಅದನ್ನೇ ತುಳಿಯುತ್ತಿದ್ದರು.

"ಅಯ್ಯೋ, ನೋಯ್ಲಿಲ್ವೇನ್ರೀ?" ಎಂದರೆ, "ಎಲ್ಲಿ?" ಎಂದು ನನ್ನನ್ನೇ ಕೇಳಿದರು.

ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿನ ನರ್ಸಮ್ಮ ಮೊದಲು ರಕ್ತ ನೋಡಿದಳು. ಸಕ್ಕರೆ ವಿಪರೀತ ಇದೆಯಂತೆ, ವರ್ಷಗಳಿಂದ ಇದ್ದಿರಬೇಕಂತೆ. ಆಮೇಲೆ ಇವರಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಗಡುಸಾದ ಒಂದು ಎಳೆಯಿಂದ ಪಾದವನ್ನು ಅಲ್ಲಲ್ಲಿ ಚುಚ್ಚುತ್ತಾ ಹೋದಳು. "ಮುಟ್ಟಿದಾಗೆಲ್ಲ ಹೇಳಿ" ಎಂದಿದ್ದಳು. ಹೆಬ್ಬೆರಳು, ಕಿರುಬೆರಳು, ಅಂಗಾಲು, ಹಿಮ್ಮಡಿ, ಎಲ್ಲ ಮುಗಿಸಿ ಎಳೆಯನ್ನು ಡಬ್ಬಿಗೆ ಹಾಕಿದಳು. ಇವರು ಇನ್ನೂ ಕಣ್ಣು ಮುಚ್ಚಿಕೊಂಡೇ, "ಹ್ಞೂಂ, ಶುರು ಮಾಡಿ ಸಿಸ್ಟರ್" ಎಂದರು.

ಬಟ್ಟೆ ಜಾರುವುದು, ಹಿಡಿಯುವುದು, ಯಾವುದೂ ಆ ಕಾಲಿಗೆ ತಿಳಿಯದೆ ಎಷ್ಟು ಕಾಲವಾಗಿದೆಯೋ. ಬಾಯಿ ಬಿಟ್ಟು ಹೇಳಬಾರದೇ ಈ ಮನುಷ್ಯ? ಬಾಯಿಗೆ ಬೀಗ ಜಡಿದುಕೊಂಡು ಕೂತರೆ ಹೆಂಡತಿಗೆ ಹೇಗೆ ಗೊತ್ತಾಗಬೇಕು?

ಮಾರ್ಚ್ ೧೨, ಬುಧವಾರ

ನರ್ಸಮ್ಮನ ಕಟ್ಟಳೆಗಳು: ತೊಟ್ಟಿಗೆ ಇಳಿಯಕೂಡದು, ಬರಿಗಾಲಲ್ಲಿ ನಡೆಯಕೂಡದು, ಅವಳು ಕೊಟ್ಟ ಬಿಳಿ ಬಟ್ಟೆಯಲ್ಲಿ ದಿನಾ ಹೊಸದಾಗಿ ಕಟ್ಟಬೇಕು, ವಾರಕ್ಕೆರಡು ಸಲ ಬಂದು ತೋರಿಸಬೇಕು. "ಸಕ್ಕರೆಗೆ ನರ ಸತ್ತಿದೆ, ಈ ಕಾಲಿಗೆ ನೋವು ಅಂತ ಹೇಳೋಕೆ ಬರಲ್ಲಮ್ಮ. ಅದರ ಬದಲು ನೀವೇ ನೋಡ್ಬೇಕು" ಎಂದಳು. ನೋಡದೆ ಏನು ಮಾಡುತ್ತೇನೆ?

ಅವಳು ಕೊಟ್ಟ ಬಟ್ಟೆಯೋ, ಸೊಳ್ಳೆ ಪರದೆಗೂ ಲಾಯಕ್ಕಿಲ್ಲ. ನೂಲು ನೂಲು, ಜೀವವೇ ಇಲ್ಲ.

ಮಾರ್ಚ್ ೧೭, ಸೋಮವಾರ

ಬಿಳಿ ಬಟ್ಟೆ ಬಿಚ್ಚುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ಹಳದಿ ಕಲೆ, ಕಂದು ಕಲೆ, ಒಂಥರಾ ವಾಸನೆ. ಬಟ್ಟೆ ಎಂದರೆ ಹೀಗಿರಬೇಕೆ? ನನ್ನ ಮನೆಯಲ್ಲಿ ಕ್ರಿಮಿಗಳು ಹತ್ತಿರ ಸುಳಿಯಲು ಹೆದರುವ ಬಟ್ಟೆ ಥಾನುಗಟ್ಟಲೆ ಬಿದ್ದಿದೆ, ಗಂಡನ ಕಾಲಿಗೆ ಮಾತ್ರ ಈ ಜರಡಿ!

ಲ್ಯಾಬ್ ಮೇಡಂಗೆ ಫೋನ್ ಮಾಡಿದೆ.

"ಬೇಡಮ್ಮ. ತಟ್ಟೆ ಬೇರೆ, ಕಾಲು ಬೇರೆ" ಎಂದಳು. "ಗಾಯಕ್ಕೆ ಕಟ್ಟೋದಕ್ಕೆ ಇನ್ನೂ ಬೇಕಾದಷ್ಟು ಪರೀಕ್ಷೆ ಆಗ್ಬೇಕು. ನಾನಿನ್ನೂ ಆ ದಾರಿಯಲ್ಲಿ ಒಂದು ಹೆಜ್ಜೆನೂ ಇಟ್ಟಿಲ್ಲ. ದಯವಿಟ್ಟು ನರ್ಸ್ ಹೇಳಿದ ಹಾಗೇ ಮಾಡಿ."

ಓದಿದವರಿಗೆ ಹೆದರಿಕೆ ಜಾಸ್ತಿ. ಬೇಕಾದಷ್ಟು ಪರೀಕ್ಷೆ ಮುಗಿಯುವಷ್ಟರಲ್ಲಿ ನಾವು ಮುದುಕರಾಗಿರುತ್ತೇವೆ. ಒಗೆದು ಒಗೆದು ಬೆಣ್ಣೆಯಂತಾದ ಹಳೆಯ ಮಲ್ ಬಟ್ಟೆ ತೆಗೆದೆ. ಎರಡು ಸಲ ಸಿಪ್ಪೆಯ ಕಷಾಯದಲ್ಲಿ ಕುದಿಸಿದೆ, ಪಟಿಕ ಒಂದು ಹಿಡಿ ಜಾಸ್ತಿಯೇ ಹಾಕಿದೆ. ಒಣಗಿಸಿ, ಪಟ್ಟಿ ಪಟ್ಟಿಯಾಗಿ ಹರಿದು ಇವರ ಕಾಲಿಗೆ ಕಟ್ಟಿದೆ. ಹೊಂಬಣ್ಣ. ರಾಜರ ಕಾಲಿನಂತೆ ಕಂಡಿತು.

"ಇದು ನರ್ಸಮ್ಮ ಕೊಟ್ಟಿದ್ದಲ್ಲವಲ್ಲೇ" ಎಂದರು.

"ಅದಕ್ಕಿಂತ ಒಳ್ಳೇದು, ಸುಮ್ಮನಿರಿ" ಎಂದೆ.

ಮಾರ್ಚ್ ೨೦, ಗುರುವಾರ

ವಾಸನೆ ಮಂಗಮಾಯ! ಬಟ್ಟೆ ಬಿಚ್ಚಿ ಮೂಗಿನ ಹತ್ತಿರ ಹಿಡಿದರೂ ಸಿಪ್ಪೆಯ ಒಗರು ಘಮವೇ ಹೊರತು ಬೇರೇನೂ ಇಲ್ಲ. ಕಲೆಯೂ ಇಲ್ಲ. ಇದ್ದ ಹಾಗೇ ಹಳದಿ. ನಾದಿನಿಯ ಮೂಗಿಗೂ ಹಿಡಿದೆ. ಮೂಗು ಮುಚ್ಚಿಕೊಂಡು ಓಡಲು ಹೊರಟವಳು ನಿಂತು ನೋಡಿ, "ಹೌದಲ್ಲಾ ಅತ್ತಿಗೆ" ಎಂದಳು. ಈ ಮನೆಯಲ್ಲಿ ಅವಳು ನನ್ನ ಮಾತನ್ನು ಒಪ್ಪಿದ್ದು ಇದೇ ಮೊದಲಿರಬೇಕು.

ಇವತ್ತು ದವಾಖಾನೆಗೆ ಹೋಗಬೇಕಿತ್ತು. ಹೋಗಲಿಲ್ಲ. ನರ್ಸಮ್ಮ ಬಿಚ್ಚಿ, ಬೈದು, ಮತ್ತೆ ಆ ಜರಡಿಯನ್ನೇ ಸುತ್ತುತ್ತಾಳೆ. ಪೂರ್ತಿ ವಾಸಿಯಾದ ಮೇಲೆ ಹೋಗಿ, ನೋಡಮ್ಮ ಎಂದು ತೋರಿಸುತ್ತೇನೆ.

ಮಾರ್ಚ್ ೨೫, ಮಂಗಳವಾರ

ಬಟ್ಟೆ ಕಟ್ಟುವ ಕೆಲಸಕ್ಕೆ ಸಂಜೆ ಹೊತ್ತು ನಿಗದಿಯಾಗಿದೆ. ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ನಾನು ಕೆಳಗೆ ಮಣೆಯ ಮೇಲೆ. ಕೈ ಸುಮ್ಮನೆ ಕೆಲಸ ಮಾಡುವಾಗ ಬಾಯಿ ಸುಮ್ಮನಿರುವುದಿಲ್ಲವಲ್ಲ, ಏನೇನೋ ಹೇಳುತ್ತೇನೆ. ಇವತ್ತು ಆ ಹಳೆಯ ಬಾಡಿಗೆ ಮನೆಯ ಮಾತು ಬಂತು. ಒಂದೇ ಕೋಣೆ, ಅದರಲ್ಲೇ ಹಂಡೆ, ಅದರಲ್ಲೇ ಹಾಸಿಗೆ. ಮಗಳನ್ನು ಮಲಗಿಸಿದ್ದ ತೊಟ್ಟಿಲ ಬಟ್ಟೆಗೆ ನೀಲಿ ಚೆಲ್ಲಿ, ಮಗುವಿನ ಬೆನ್ನು ನೀಲಿಯಾಗಿ, ಪಕ್ಕದ ಮನೆಯಾಕೆ ಬಾಯಿ ಬಡಿದುಕೊಂಡದ್ದು. ಇವರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರ ನಗುವಿನ ದನಿ ಹೀಗಿದೆ ಎಂಬುದೇ ಮರೆತುಹೋಗಿತ್ತು.

"ಆಮೇಲೆ ಆ ಹೆಂಗಸು ಏನಂದ್ಲು?" ಎಂದು ಕೇಳಿದರು. ತಮಗೆ ಗೊತ್ತಿದ್ದ ಕತೆಯನ್ನೇ. ನಾನೂ ಹೊಸದೆಂಬಂತೆ ಹೇಳಿದೆ.

ಶೆಡ್ಡಿನಲ್ಲಿ ಈಗ ನಾದಿನಿಯೇ ತೊಟ್ಟಿ ತುಳಿಯುತ್ತಾಳೆ. ಒಡೆದ ಬಿಲ್ಲೆ ಕೀಳಿಸಿದ್ದಾಯಿತು. ಬಟ್ಟೆ ಸರಿಯಾಗಿ ಬರುತ್ತಿದೆ. ಎಲ್ಲ ಒಂದು ದಾರಿಗೆ ಬರುತ್ತಿದೆ ಎನ್ನಿಸುತ್ತದೆ.

ಮಾರ್ಚ್ ೨೯, ಶನಿವಾರ

ಗಾಯದ ಸುತ್ತಲಿನ ಚರ್ಮ ಹಳದಿ ಹಿಡಿದು, ಅಂಚಿನಲ್ಲಿ ಕಂದಾಗಿದೆ. ಹಿಡಿಯದೆ ಇರುತ್ತದೆಯೇ? ರೇಷ್ಮೆ, ಉಣ್ಣೆ, ಚರ್ಮ, ಇವು ಬಣ್ಣಕ್ಕೆ ಹತ್ತಿಗಿಂತ ಬೇಗ ಸೋಲುತ್ತವೆ. ನನ್ನ ಕೈ ನೋಡಿದರೆ ಸಾಕು. ಮೊಣಕೈವರೆಗೆ ಯಾವ ಬಣ್ಣವೆಂದು ಹೇಳಲು ದೇವರಿಗೂ ಆಗುವುದಿಲ್ಲ.

"ಈಗ ನಾನೂ ನಿನ್ನ ಜಾತಿ ಸೇರ್ದೆ" ಎಂದರು ಪಾದ ನೋಡಿಕೊಂಡು.

"ಸೇರೋಕೆ ಇಷ್ಟು ವರ್ಷ ಬೇಕಾಯ್ತಾ?" ಎಂದೆ. ಇಬ್ಬರೂ ನಕ್ಕೆವು.

ಪಾದ ಸ್ವಲ್ಪ ಊದಿದೆ, ಚಪ್ಪಲಿ ಹಿಡಿಯುತ್ತಿಲ್ಲ. ಕೂತು ಕೂತು ಮೈ ಬಂದಿರಬೇಕು. ನಾದಿನಿ, "ಒಂದ್ಸಲ ನರ್ಸಮ್ಮನಿಗೆ ತೋರಿಸ್ಬಾರ್ದಾ ಅತ್ತಿಗೆ?" ಎಂದು ರಾಗ ತೆಗೆದಳು. ಬಟ್ಟೆಯನ್ನೇ ಅವಳ ಮುಂದೆ ಹಿಡಿದೆ. "ಎಲ್ಲಿದೆ ಕಲೆ? ತೋರಿಸು" ಎಂದೆ. ತೋರಿಸಲಾಗಲಿಲ್ಲ.

ಏಪ್ರಿಲ್ ೨, ಬುಧವಾರ

ಇವರಿಗೆ ಊಟ ಸೇರುತ್ತಿಲ್ಲ. ಸಂಜೆ ಸ್ವಲ್ಪ ಚಳಿ ಎಂದರು. ಬಿಸಿಲು ಈ ಪರಿ ಇರುವಾಗ ಚಳಿ. ನೆಗಡಿ ಇರಬೇಕು. ಬಟ್ಟೆ ಸ್ವಚ್ಛವಾಗಿಯೇ ಇದೆ.

ಏಪ್ರಿಲ್ ೪, ಶುಕ್ರವಾರ

ಮೈ ಕೆಂಡ. ಮಾತ್ರೆ ಕೊಟ್ಟೆ. ಬಟ್ಟೆ ಸ್ವಚ್ಛ. ಬಟ್ಟೆ ಸ್ವಚ್ಛವಾಗಿದೆ.

ಏಪ್ರಿಲ್ ೫, ಶನಿವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ಬೆಳಿಗ್ಗೆ ಇವರು ಮಗಳ ಹೆಸರು ಹಿಡಿದು ನನ್ನನ್ನು ಕರೆದರು. ನಾದಿನಿ ಬೀದಿಗೆ ಓಡಿ ಗಾಡಿ ತಂದಳು. ಅಣ್ಣನನ್ನು ಅವಳೇ ಎತ್ತಿ ಕೂರಿಸಿದಳು. ದವಾಖಾನೆಯಲ್ಲಿ ನರ್ಸಮ್ಮ ನನ್ನ ಹಳದಿ ಬಟ್ಟೆ ಬಿಚ್ಚಿದಳು. ಪಾದವನ್ನು ಬೆಳಕಿಗೆ ತಿರುಗಿಸಿದಳು. ಆಮೇಲೆ ಕೇಳಿದಳು, "ಇದು ಬಣ್ಣಾನೋ, ಚರ್ಮಾನೋ?"

ನನಗೆ ಹೇಳಲಾಗಲಿಲ್ಲ. ಬಣ್ಣ ನೋಡಿ ಇಷ್ಟು ವರ್ಷ ಅನ್ನ ತಿಂದವಳು ನಾನು, ನನಗೆ ಹೇಳಲಾಗಲಿಲ್ಲ.

ಸ್ಪಿರಿಟ್ ಹಚ್ಚಿ ಉಜ್ಜಿದಳು. ಬಣ್ಣ ಹೋಗಲಿಲ್ಲ. ನಾನು ಹಾಕಿದ ಬಣ್ಣ ಹೋಗುವುದಿಲ್ಲ, ಒಂದು ಹಿಡಿ ಪಟಿಕ ಜಾಸ್ತಿ ಹಾಕಿದ್ದೆ. ಅದರ ಅಡಿಯಲ್ಲಿ ಚರ್ಮ ಕೆಂಪಾಗಿದೆಯೋ ಕಪ್ಪಾಗಿದೆಯೋ ಯಾರಿಗೂ ಕಾಣದಂತೆ ಅದು ಗಟ್ಟಿಯಾಗಿ ಕೂತಿತ್ತು. ನರ್ಸಮ್ಮ ಕಿರುಬೆರಳಿನ ಬುಡವನ್ನು ಒತ್ತಿದಳು. ಒಳಗಿನಿಂದ ಕೀವು ಬಂತು. ಒತ್ತಿದಷ್ಟೂ ಬಂತು. ಕೀವಿನ ಬಣ್ಣವೂ ನನ್ನ ಬಟ್ಟೆಯ ಬಣ್ಣವೂ ಒಂದೇ. ಅದಕ್ಕೇ ಕಲೆ ಕಾಣಲಿಲ್ಲ.

"ಯಾಕಮ್ಮಾ ಬಿಳಿ ಬಟ್ಟೆ ಕೊಡ್ತೀವಿ ಅಂದ್ಕೊಂಡ್ರಿ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲೂ ಇಲ್ಲ, ಚೀಟಿ ಬರೆದು ಈ ದೊಡ್ಡಾಸ್ಪತ್ರೆಗೆ ಕಳಿಸಿದಳು.

ಏಪ್ರಿಲ್ ೬, ಭಾನುವಾರ

ಎರಡು ಬೆರಳು ಹೋಗಬೇಕು. ಮೂಳೆಗೆ ಇಳಿದಿದೆ. ಅಲ್ಲಿಗೆ ನಿಂತರೆ ಪಾದ ಉಳಿಯುತ್ತದೆ, ನಿಲ್ಲದಿದ್ದರೆ ಮೊಣಕಾಲಿನ ಕೆಳಗೆ ಎಂದರು ಡಾಕ್ಟರು. ಗೋಡೆಯ ಮೇಲೆ ಗೆರೆ ಎಳೆಯುವವರಂತೆ ಪೆನ್ನಿನಿಂದ ತಮ್ಮ ಕಾಲಿನ ಮೇಲೇ ತೋರಿಸಿದರು.

ಮಗಳು ಬಂದಿದ್ದಾಳೆ. "ಏನಾಯ್ತಮ್ಮಾ?" ಎಂದು ಕೇಳಿದಳು. ನಾನೇ ಮಾಡಿದ್ದು ಎಂದೆ. "ಹಾಗೆಲ್ಲ ಅನ್ಬೇಡಮ್ಮ" ಎಂದಳು. ಅನ್ನದೆ ಏನನ್ನಲಿ?

ಏಪ್ರಿಲ್ ೭, ಸೋಮವಾರ

ತೆಗೆದರು.

ಏಪ್ರಿಲ್ ೯, ಬುಧವಾರ

ಲ್ಯಾಬ್ ಮೇಡಂ ಆಸ್ಪತ್ರೆಗೆ ಬಂದಿದ್ದಳು. ನಾದಿನಿ ಹೇಳಿರಬೇಕು. ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ಟೀ ಲೋಟವನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

"ನಿಮ್ಮ ಫೋಟೋ ಸುಳ್ಳು" ಎಂದೆ. ಯಾರ ಮೇಲಾದರೂ ಸಿಟ್ಟು ಮಾಡಬೇಕಿತ್ತು.

"ಸುಳ್ಳಲ್ಲಮ್ಮ" ಎಂದಳು. "ನಿಮ್ಮ ಬಟ್ಟೆ ಅದರ ಕೆಲಸ ಮಾಡಿದೆ. ಬಟ್ಟೆಗೆ ಬಂದ ಕ್ರಿಮೀನ ತಡೆದಿದೆ. ಅದಕ್ಕೇ ವಾಸನೆ ಬರ್ಲಿಲ್ಲ. ಗಾಯದ ಒಳಗಿದ್ದದ್ದನ್ನ ಅದು ಮುಟ್ಟೇ ಇಲ್ಲ."

ಅಂದರೆ ಬಟ್ಟೆ ಎಷ್ಟು ಚೆನ್ನಾಗಿ ಕೆಲಸ ಮಾಡಿತೋ ಅಷ್ಟೂ ನನ್ನ ಕಣ್ಣು, ಮೂಗು ಕಟ್ಟಿತು. ಇದನ್ನು ಹೇಗೆ ಸಹಿಸುವುದು? ಬಟ್ಟೆ ಕೆಟ್ಟದ್ದಾಗಿದ್ದರೆ ಅದನ್ನಾದರೂ ಬೈಯಬಹುದಿತ್ತು.

"ನಾನು ಅವತ್ತು ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು" ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. ನೀನು ಎಷ್ಟು ಗಟ್ಟಿಯಾಗಿ ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಮಗಳೇ ಎಂದೆ. ತಣ್ಣಗಾದ ಟೀ ಬಿಸುಟು ಇಬ್ಬರಿಗೂ ಬೇರೆ ತಂದೆ.

ಏಪ್ರಿಲ್ ೧೪, ಸೋಮವಾರ

ಇವತ್ತು ಕಟ್ಟು ಬಿಚ್ಚುವಾಗ ನನ್ನನ್ನು ಹತ್ತಿರ ನಿಲ್ಲಿಸಿಕೊಂಡರು. ಇಲ್ಲಿಯ ನರ್ಸು ಇನ್ನೂ ಕಟ್ಟುನಿಟ್ಟು. ಮುಖ ತಿರುಗಿಸಿದರೆ, "ಮನೆಗೆ ಹೋದ್ಮೇಲೆ ಯಾರು ನೋಡೋರು? ಇಲ್ಲಿ ನೋಡಿ. ಏನು ಕಾಣ್ತಿದೆ ಹೇಳಿ" ಎನ್ನುತ್ತಾಳೆ.

ಎರಡು ಬೆರಳಿನ ಜಾಗ ಬೋಳು. ಹೊಲಿಗೆ. ಒಂದು ತುದಿಯಲ್ಲಿ ಕಡಲೆಯಷ್ಟು ಕಪ್ಪು. ಉಳಿದ ಕಡೆ ತಿಳಿಗೆಂಪು, ನಡುವೆ ಬಿಳಿ ಪೊರೆ. ನನ್ನ ಬಣ್ಣ ಪಾದದ ಅಂಚಿನಲ್ಲಿ ಇನ್ನೂ ಇದೆ, ಆದರೆ ತೆಳುವಾಗಿದೆ. ಇದಿಷ್ಟನ್ನೂ ಹೇಳಿದೆ.

"ಆ ಕಪ್ಪು ಬೆಳೆದ್ರೆ ಕಷ್ಟ" ಎಂದಳು. "ಅದರ ಮೇಲೇ ಕಣ್ಣಿಟ್ಟಿರಿ."

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೇನೆ. ಇವರು ಮಲಗಿದ್ದಾರೆ. ಮಲಗಿದಾಗ ಇವರ ಕೆಳದುಟಿ ಮಗುವಿನಂತೆ ಮುಂದೆ ಬರುತ್ತದೆ.

ಏಪ್ರಿಲ್ ೧೬, ಬುಧವಾರ

ಕಪ್ಪು ಅಷ್ಟೇ ಇದೆ.

ಏಪ್ರಿಲ್ ೧೭, ಗುರುವಾರ

ಅಷ್ಟೇ ಇದೆ. ಒಣಗುತ್ತಿದೆಯೇನೋ. ನನ್ನ ಆಸೆ ಹಾಗೆ ತೋರಿಸುತ್ತಿದೆಯೋ ಎಂದು ನಾದಿನಿಯನ್ನು ಕರೆದು ತೋರಿಸಿದೆ. ಅವಳೂ ಒಣಗಿದೆ ಎಂದಳು. ಅವಳನ್ನೂ ನಂಬದೆ ನರ್ಸನ್ನು ಕರೆದೆ.

ಏಪ್ರಿಲ್ ೨೧, ಸೋಮವಾರ

ಮನೆಗೆ ಬಂದೆವು. ಪಾದ ಉಳಿದಿದೆ. "ಸದ್ಯಕ್ಕೆ" ಎಂಬ ಮಾತನ್ನು ಡಾಕ್ಟರು ಮುಂದೆ ಸೇರಿಸಿದರು. "ಇನ್ನೊಂದು ಸಲ ತಡ ಮಾಡಿದ್ರೆ ಬೆರಳಿಗೆ ನಿಲ್ಲೋದಿಲ್ಲ. ದಿನಾ ನೋಡ್ಬೇಕು, ಚಿಕ್ಕದು ಏನು ಕಂಡ್ರೂ ಅವತ್ತೇ ಬರ್ಬೇಕು" ಎಂದರು. ಹೊಲಿಗೆಯ ತುದಿಯಲ್ಲಿ ಇನ್ನೂ ಬಾಯಿ ಕೂಡದ ಗಾಯವಿದೆ. ದಿನಾ ಬಿಳಿ ಬಟ್ಟೆ ಕಟ್ಟಬೇಕು.

ಶೆಡ್ಡಿಗೆ ಹೋಗಿ ಬಂದೆ. ನಾದಿನಿ ಒಬ್ಬಳೇ ಹಂಡೆ, ತೊಟ್ಟಿ ಎರಡನ್ನೂ ನಡೆಸಿದ್ದಾಳೆ. ಬಟ್ಟೆ ಚೆನ್ನಾಗಿ ಬಂದಿದೆ. ತಂತಿಯ ಮೇಲಿನ ಆ ಹಳದಿ ನೋಡಲಾಗದೆ ಬಾಗಿಲ ಕಡೆ ತಿರುಗಿ ನಿಂತೆ. ಅವಳು ಅದನ್ನೆಲ್ಲ ತೆಗೆದು ಒಳಗಿಟ್ಟಳು.

ಏಪ್ರಿಲ್ ೨೮, ಸೋಮವಾರ

ಸಂಜೆ ಇವರ ಕಾಲು ನನ್ನ ತೊಡೆಯ ಮೇಲಿಟ್ಟುಕೊಂಡು ಕಟ್ಟು ಬಿಚ್ಚಿದೆ. ಮೊದಲು ಬಟ್ಟೆ ನೋಡುವುದು, ಆಮೇಲೆ ಗಾಯ, ಆಮೇಲೆ ಸುತ್ತಲ ಚರ್ಮ, ಆಮೇಲೆ ಉಳಿದ ಬೆರಳುಗಳ ಸಂದಿ, ಹಿಮ್ಮಡಿ. ಅಂಗೈ ಹಿಂಭಾಗದಿಂದ ಮುಟ್ಟಿ ಬಿಸಿ ಇದೆಯೇ ನೋಡುವುದು. ಒಂದು ಚುಕ್ಕೆ ಹೊಸದಾಗಿ ಕಂಡರೆ ಜೀವವೇ ಬಾಯಿಗೆ ಬರುತ್ತದೆ.

"ಏನಾದ್ರೂ ಮಾತಾಡೇ" ಎಂದರು.

"ಮಾತಿನ ಮೇಲೆ ಗಮನ ಹೋದ್ರೆ ಕಾಲಿನ ಮೇಲೆ ಹೋಗಲ್ಲ. ಸುಮ್ಮನಿರಿ."

ಇವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು, "ನಂಗೆ ಗೊತ್ತಿತ್ತು ಕಣೇ."

"ಏನು ಗೊತ್ತಿತ್ತು?"

"ಕಾಲು ಕೆಡ್ತಿದೆ ಅಂತ. ನೀನು ಶೆಡ್ಡಿಗೆ ಹೋದಾಗ ಬಿಚ್ಚಿ ನೋಡ್ತಿದ್ದೆ. ಒತ್ತಿದ್ರೆ ಒದ್ದೆ ಬರ್ತಿತ್ತು. ಒರೆಸಿ, ಮತ್ತೆ ಹಾಗೇ ಕಟ್ಕೊಳ್ತಿದ್ದೆ."

ನನ್ನ ಕೈ ನಿಂತುಹೋಯಿತು. ಇವರೇನು ಹೇಳುತ್ತಿದ್ದಾರೆಂದು ತಲೆಗೆ ಇಳಿಯಲೇ ಇಲ್ಲ.

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ನ ನರ್ಸಮ್ಮನ ಹತ್ರ ಕಳಿಸ್ತಿದ್ದೆ. ಅವಳು ಕಟ್ತಿದ್ಲು." ಇನ್ನೂ ಕಿಟಕಿಯನ್ನೇ ನೋಡುತ್ತಿದ್ದರು. "ನೀನು ಕೆಳಗೆ ಕೂತು ಅಷ್ಟು ಮಾತಾಡಿ ಎಷ್ಟು ವರ್ಷ ಆಗಿತ್ತು ಹೇಳು. ನಗ್ತಿದ್ದೆ ಬೇರೆ. ಇನ್ನೊಂದೆರಡು ದಿನ ನಡೀಲಿ ಅಂದ್ಕೊಂಡೆ. ನೋವೂ ಇರ್ಲಿಲ್ಲವಲ್ಲ. ಆಮೇಲೆ ಚಳಿ ಬಂತು."

ನಾನು ಎದ್ದುನಿಂತು ಬೈದೆ. ಬಾಯಿಗೆ ಬಂದಂತೆ ಬೈದೆ. ತಲೆ ನೆಟ್ಟಗಿದೆಯೇನ್ರೀ ನಿಮಗೆ, ಕಾಲು ಹೋಗ್ತಿತ್ತಲ್ರೀ, ಪ್ರಾಣವೇ ಹೋಗಿದ್ರೆ ಯಾರ ಹತ್ರ ಮಾತಾಡ್ಬೇಕಿತ್ತು ನಾನು, ಬಾಯಿ ಅಂತ ಒಂದು ಯಾಕಿದೆ ನಿಮಗೆ ಎಂದು. ನಾದಿನಿ ಶೆಡ್ಡಿನಿಂದ ಓಡಿ ಬಂದು ಬಾಗಿಲಲ್ಲಿ ನಿಂತು, ಹಾಗೇ ತಿರುಗಿ ಹೋದಳು. ಬೈಯುತ್ತಾ ಬೈಯುತ್ತಾ ಅಳು ಬಂತು. ಗಂಡನಿಗೆ ಹೆಂಡತಿಯ ನಾಲ್ಕು ಮಾತು ಬೇಕೆನಿಸಿದರೆ ಅದಕ್ಕೆ ಕಾಲು ಕೊಳೆಯಬೇಕೇ? ನಾನು ಅಷ್ಟು ದೂರ ಹೋಗಿ ಕೂತಿದ್ದೆನೇ?

ಕಟ್ಟದ ಕಾಲು ಹಾಗೇ ಮಣೆಯ ಮೇಲಿತ್ತು. ಕಣ್ಣೊರೆಸಿಕೊಂಡು, ಕೈ ತೊಳೆದು ಬಂದು, ಮತ್ತೆ ಮೊದಲಿನಿಂದ ನೋಡಿ ಕಟ್ಟಿದೆ.

ಏಪ್ರಿಲ್ ೩೦, ಬುಧವಾರ

ಎರಡು ದಿನದಿಂದ ಇವರ ಹತ್ತಿರ ಮಾತಾಡಿಲ್ಲ. ಸಿಟ್ಟು ಇಳಿದಿಲ್ಲ. ಇಳಿದಿದೆ, ಆದರೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯುತ್ತಿಲ್ಲ.

ಮಧ್ಯಾಹ್ನ ಅವರೇ ಕರೆದರು. "ಬಾ ಇಲ್ಲಿ. ಬೆರಳ ಸಂದಿಯಲ್ಲಿ ಏನೋ ಕೆಂಪು ಕಾಣ್ತಿದೆ. ನಂಗೆ ಸರಿಯಾಗಿ ಕಾಣ್ತಿಲ್ಲ, ನೀನು ನೋಡು" ಎಂದರು.

ಓಡಿದೆ. ಕಾಲನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದೆ. ಚಪ್ಪಲಿಯ ಪಟ್ಟಿ ತೀಡಿದ ಗುರುತು, ಚರ್ಮ ಹರಿದಿರಲಿಲ್ಲ. ಆದರೂ ಗಾಡಿ ಮಾಡಿಕೊಂಡು ನರ್ಸಮ್ಮನ ಹತ್ತಿರ ಹೋದೆವು. ಅವಳು ನೋಡಿ, "ಇಷ್ಟಕ್ಕೆಲ್ಲ ಬಂದ್ರಾ? ಹೀಗೇ ಬನ್ನಿ" ಎಂದಳು. ಮೆತ್ತನೆಯ ಬೇರೆ ಚಪ್ಪಲಿ ಬರೆದುಕೊಟ್ಟಳು.

ಬರುವಾಗ ಗಾಡಿಯಲ್ಲಿ ಇವರು, "ಹೇಳ್ದೆ ನೋಡು" ಎಂದರು, ಶಾಲೆಯ ಹುಡುಗ ಲೆಕ್ಕ ಸರಿ ಮಾಡಿ ತೋರಿಸಿದಂತೆ. ಹೇಳಿದ್ದು ದೊಡ್ಡ ಉಪಕಾರವಾಯಿತು ಎಂದೆ. ಮಾತು ಶುರುವಾಗಿದ್ದು ಹಾಗೆ.

ಮೇ ೧೯, ಸೋಮವಾರ

ಲ್ಯಾಬ್ ಮೇಡಂ ಕೇಳಿದಳೆಂದು ಪರೀಕ್ಷೆಗೆ ಹೊಸ ತುಂಡುಗಳನ್ನು ಕುದಿಸಿಕೊಟ್ಟೆ. ಹೊದಿಕೆಗೆ, ಪರದೆಗೆ ಮಾತ್ರ ಎಂದು ಅವಳಿಂದ ಮೂರು ಸಲ ಹೇಳಿಸಿಕೊಂಡೆ. ನಕ್ಕಳು.

ಬೆಳಿಗ್ಗೆ ನರ್ಸಮ್ಮ ಕಾಲು ನೋಡಿ ಗಾಯ ಪೂರ್ತಿ ಕೂಡಿದೆ ಎಂದಳು. ಇನ್ನು ಕಟ್ಟುವುದು ಬೇಡವಂತೆ, ದಿನಾ ಒಂದು ಸಲ ಕಣ್ಣಾಡಿಸಿದರೆ ಸಾಕಂತೆ. ನಾದಿನಿ ಕೇಳಿ ಕುಣಿದಳು. ಇವರು ಸಂತೋಷಪಟ್ಟಂತೆ ಕಾಣಲಿಲ್ಲ. ಮಧ್ಯಾಹ್ನವೆಲ್ಲ ಪೇಪರಿನ ಒಂದೇ ಪುಟ ಹಿಡಿದುಕೊಂಡಿದ್ದರು.

ಸಂಜೆ ಹಂಡೆ ಇಳಿಸಿ ಬಂದೆ. ಇವರು ಎಂದಿನಂತೆ ಕಿಟಕಿಯ ಪಕ್ಕ ಕೂತಿದ್ದರು, ಕಾಲು ನೆಲದ ಮೇಲೆ. ಮಣೆ ಎಳೆದುಕೊಂಡು ಕೂತೆ. ಕಾಲೆತ್ತಿ ತೊಡೆಯ ಮೇಲಿಟ್ಟುಕೊಂಡು ನೋಡಿದೆ. ನೋಡಲು ಹೆಚ್ಚೇನೂ ಇರಲಿಲ್ಲ, ಬೇಗ ಮುಗಿಯಿತು. ಇವರು ಕಾಲು ಹಿಂದಕ್ಕೆ ತೆಗೆದುಕೊಳ್ಳಲು ಹೋದರು.

"ಎಲ್ಲಿಗೆ?" ಎಂದೆ.

"ಮುಗೀತಲ್ಲ."

"ಕಾಲು ಮುಗೀತು. ಇವತ್ತು ಶೆಡ್ಡಲ್ಲಿ ನಿಮ್ಮ ತಂಗಿ ಏನು ಮಾಡಿದ್ಲು ಗೊತ್ತಾ?" ಎಂದು ಶುರು ಮಾಡಿದೆ. ದೀಪ ಹಾಕುವ ಹೊತ್ತಾದರೂ ಇಬ್ಬರೂ ಏಳಲಿಲ್ಲ.